ಗಾಡಿಗಿ ಕೈ ಹಚ್ಚಬ್ಯಾಡ್ರಿ

"ಕೈ ತೆಗೀರಿ! ನನ್ನ ಗಾಡಿಗಿ ಕೈ ಹಚ್ಚಬ್ಯಾಡ್ರಿ!"

ಕುರುಗೋಡಿನ ಆ ವರ್ಕ್‌ಶಾಪಿನಲ್ಲಿ ತಿರುಗುತ್ತಿದ್ದ ಲೇಥಿನ ಸದ್ದನ್ನೂ ಮೀರಿ ಕೇಳಿಸಿತು ಆ ದನಿ. ಸ್ಕೂಟರನ್ನು ನೆರಳಿಗೆ ಎಳೆಯಲು ಹೊರಟಿದ್ದ ಹನುಮೇಶ್ ಬೆಂಕಿ ಮುಟ್ಟಿದವನಂತೆ ಕೈ ಹಿಂತೆಗೆದ.

"ಅಲ್ರೀ, ಬಿಸಿಲಾಗ ಕುಂತೀರಂತ..."

"ನಾ ಕೇಳಿದ್ನೇನು?"

ಅವಳ ಹೆಸರು ಮೌನಿಕಾ. ಜಗಳಕ್ಕೆ ನಿಂತಳೆಂದರೆ ಆ ಹೆಸರಿಟ್ಟ ಸೋದರತ್ತೆಯೇ ತಲೆ ತಗ್ಗಿಸಬೇಕು! ಸಿರಿಗೇರಿಯ ಹುಡುಗಿ. ಚಿಕ್ಕಂದಿನಲ್ಲಿ ಟ್ರ್ಯಾಕ್ಟರಿನಿಂದ ಬಿದ್ದು ಎಡಗಾಲಿನ ಬಲ ಹೋಗಿತ್ತು. ಎರಡೂ ಪಕ್ಕ ಗಾಲಿ ಕೂಡಿಸಿದ ಸ್ಕೂಟರಿನಲ್ಲಿ ದಿನವೂ ಸಿರುಗುಪ್ಪದ ಅಕ್ಕಿ ಮಿಲ್ಲಿನ ಆಫೀಸಿಗೆ ಹೋಗಿ ಬರುತ್ತಿದ್ದಳು.

ಮುಂದಕ್ಕೆ ಹೋಗಲು ಅವಳಿಗೆ ಯಾರೂ ಬೇಕಿರಲಿಲ್ಲ. ಕಷ್ಟವಿದ್ದದ್ದು ಹಿಂದಕ್ಕೆ ಹೋಗಲು. ಸ್ಕೂಟರಿಗೆ ರಿವರ್ಸ್ ಗೇರ್ ಇಲ್ಲ, ಕಾಲೂರಿ ತಳ್ಳಿಕೊಳ್ಳಲು ಆಗದು. ಮಿಲ್ಲಿನ ಅಂಗಳಕ್ಕೆ ಲಾರಿ ಬಂದರೆ ಸಾಕು, "ಲೇ, ಅಕ್ಕಾರ ಗಾಡಿ ಹಿಂದಕ ನೂಕ್ರಲೇ!" ಎಂದು ಹಮಾಲರು ಓಡಿ ಬರುತ್ತಿದ್ದರು. ಒಳ್ಳೆಯವರೇ, ಪಾಪ. ಆದರೆ ಭತ್ತದ ಚೀಲ ಸರಿಸಿದಂತೆ ಅವಳನ್ನು ಸರಿಸಿಬಿಡುತ್ತಿದ್ದರು. ಅವಳು ಹಲ್ಲು ಕಚ್ಚಿ ನಗುತ್ತಿದ್ದಳು.

ಒಂದು ದಿನ ಸಾಕಾಯಿತು. ತನ್ನ ಗಾಡಿಗೆ ರಿವರ್ಸ್ ಗೇರ್ ಹಾಕಿಸಿಯೇ ತೀರುತ್ತೇನೆಂದು ಹಟ ಹಿಡಿದಳು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, "ಅಂಥಾದ್ದು ಎಲ್ಲೂ ಸಿಗಂಗಿಲ್ಲಮ್ಮ, ಯಾರನ್ನರ ಜೋಡಿ ಕರ್ಕೊಂಡು ಅಡ್ಡಾಡು" ಎಂದು ಅಂಗಡಿಯವರು ನಕ್ಕರು. ಕೌಲ್ ಬಜಾರಿನ ಮುದುಕ ಮೇಸ್ತ್ರಿಯೊಬ್ಬ ಮಾತ್ರ, "ಕೊಟ್ಟ ಅಳತಿಗಿ ಗೇರ್ ಮಾಡಾವ ಕುರುಗೋಡಿನಾಗ ಒಬ್ಬ ಅದಾನ ನೋಡು, ಹನುಮೇಶ್ ಅಂತ" ಎಂದಿದ್ದ.

ಆ ಹನುಮೇಶನೇ ಈಗ ಬೈಸಿಕೊಂಡು ನಿಂತಿದ್ದ.

"ಹಿಂದಕ ಹೋಗೋ ಗೇರ್ ಬೇಕು. ಮಾಡ್ತೀರೋ ಇಲ್ಲೋ?"

ಅವನು ಬಗ್ಗಿ ಗಾಡಿಯ ತಳ ನೋಡಿದ. ಮುಟ್ಟಲಿಲ್ಲ. "ಎಷ್ಟು ಜೋರು ಹೋಗಬೇಕ್ರಿ?"

ಮೌನಿಕಾ ತಟ್ಟನೆ ಅವನತ್ತ ತಿರುಗಿದಳು. ಇಷ್ಟು ದಿನ ಎಲ್ಲರೂ 'ಯಾಕೆ' ಎಂದೇ ಕೇಳಿದ್ದರು...

"ಲಾರಿ ಹಾರ್ನ್ ಹೊಡದ್ರ ಒಂದ ಸಲಕ್ಕ ಸರೀಬೇಕು. ಅಷ್ಟು!"

ಆಮೇಲೆ ಪ್ರತಿ ಭಾನುವಾರ ಬಂದಳು. ಅಳತೆ ನೋಡಲು ಎಂದು ತನಗೆ ತಾನೇ ಹೇಳಿಕೊಂಡಳು. ಅಳತೆ ಎಂದೋ ಮುಗಿದಿತ್ತು, ಅವನ ಜೊತೆ ಕೂತು ಒಗ್ಗರಣಿ-ಮಿರ್ಚಿ ತಿನ್ನುವುದು ಮುಗಿದಿರಲಿಲ್ಲ! ಅವನು ನಕ್ಕಾಗ ಅವಳು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಛೇ, ಏನಾಗೈತಿ ನನಗ?

ಗೇರ್ ಕೂಡಿಸಿದ ದಿನ ಅವಳು ಉಸಿರು ಬಿಗಿಹಿಡಿದು ಲಿವರ್ ಎಳೆದಳು. ಗಾಡಿ ಹಿಂದಕ್ಕೆ ಹೊರಟಿತು... ಗಬ್ಬದ ಎಮ್ಮೆಯ ಹಾಗೆ.

"ಇದೇನಿದು? ಇಷ್ಟು ಮೆಲ್ಲಕ?"

ಹನುಮೇಶ್ ತಲೆ ಕೆರೆದುಕೊಂಡ. "ನೀವು ಹೇಳಿದಷ್ಟು ಜೋರಿಟ್ರ... ಬಿದ್ದೀರಿ ಅಂತ ಹೆದರಿಕಿ ಆತ್ರಿ. ಅದಕ್ಕ ನಾನ ಕಡಿಮಿ ಮಾಡಿದೆ."

ಅವಳ ಕಣ್ಣು ತುಂಬಿತು. ಸಿಟ್ಟಿಗೋ ನೋವಿಗೋ ಅವಳಿಗೇ ತಿಳಿಯಲಿಲ್ಲ.

"ನನ್ನ ಮಾತು ಬಿಟ್ಟು ನನ್ನ ಕಾಲು ನೋಡಿ ಮಾಡಿದ್ರಿ! ಹಮಾಲರಿಗೂ ನಿಮಗೂ ಏನು ಫರಕು? ಅವರು ಕೇಳದ ನೂಕ್ತಾರ, ನೀವು ಕೇಳದ ಹಿಡೀತೀರಿ!"

ಆಕ್ಸಿಲರೇಟರ್ ತಿರುವಿದಳು. ಹಿಂದಿನಿಂದ "ಮೌನಿಕಾ!" ಎಂದು ಕೂಗಿದರೂ ನಿಲ್ಲಲಿಲ್ಲ.

ಮುಂದಿನ ಭಾನುವಾರ ಮನೆಯಲ್ಲೇ ಉಳಿದಳು. ಅದರ ಮುಂದಿನದೂ. ಅವನ ಫೋನ್ ಎತ್ತಲಿಲ್ಲ. ಫೋನ್ ಬರುವುದು ನಿಂತಾಗ ಮಾತ್ರ ಊಟ ಸೇರದಾಯಿತು.

ಕೊನೆಗೊಂದು ಮಧ್ಯಾಹ್ನ ಹನುಮೇಶನೇ ಚೀಲ ಹಿಡಿದು ಸಿರುಗುಪ್ಪದ ಮಿಲ್ಲಿಗೆ ಬಂದ.

"ಬ್ಯಾರೆ ಗೇರ್ ಮಾಡೀನ್ರಿ. ನೀವು ಹೇಳಿದಷ್ಟ ಜೋರು. ಕೂಡಸ್ಲೇನು?"

"ಈಗ ಕೇಳಾಕ ಬಂತೇನು?"

"ಇಂಥದ ಗಾಡಿ ಒಬ್ರ ಹತ್ರ ಕೇಳಿ ತಂದು ಸಂತ್ಯಾಗ ಹೋಗಿದ್ದೆ. ಕಾಲು ಕೆಳಗಿಡಲಿಲ್ಲ. ಬಂದಬಂದವರು ಕೇಳದ ನೂಕಿದ್ರು. ಎಂಥಾ ಸಿಟ್ಟು ಬಂತು ಅಂತೀರಿ! ನಾನೂ ಅದ ಮಾಡಿದ್ನಲ್ಲ... ತಪ್ಪಾತ್ರಿ."

ಅವಳು ಚಾವಿ ಚಾಚಿದಳು.

ಅವನು ಗೇರ್ ಕೂಡಿಸಿದ ಮೇಲೆ ಅವಳು ಗಾಡಿ ಹತ್ತುವುದಕ್ಕೂ ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುವುದಕ್ಕೂ ಸರಿಹೋಯಿತು. ಹಮಾಲರು ಎದ್ದರು.

"ಯಾರೂ ಬರಬ್ಯಾಡ್ರಿ!"

ಲಿವರ್ ಎಳೆದಳು. ಗಾಡಿ ಒಂದೇ ಸಲಕ್ಕೆ ಸರ್ರನೆ ಹಿಂದೆ ಸರಿದು ಗೋಡೆಯ ಪಕ್ಕ ನಿಂತಿತು. ಹಮಾಲರ ಸಿಳ್ಳೆಯೋ ಸಿಳ್ಳೆ! ಲಾರಿ ಒಳಗೆ ಬಂದದ್ದೇ ಮೌನಿಕಾ ಗಾಡಿಯನ್ನು ಮುಂದಕ್ಕೆ ಬಿಟ್ಟು, ಹನುಮೇಶನನ್ನು ದಾಟಿ, ಗೇಟಿನಾಚೆ ಹೋಗಿಬಿಟ್ಟಳು.

ಅವನ ಮುಖ ಬಾಡಿತು. ನಟ್ಟು ಬಿಗಿದ ಪಾನಾ ಎತ್ತಿ ಚೀಲಕ್ಕೆ ಹಾಕಿದ.

ಅಷ್ಟರಲ್ಲಿ ಗೇಟಿನಿಂದ ಸ್ಕೂಟರಿನ ಹಿಂಭಾಗ ಕಾಣಿಸಿತು. ಹಿಂದಕ್ಕೆ ಬರುತ್ತಾ ಬರುತ್ತಾ ನೇರವಾಗಿ ಅವನ ಎದುರಿಗೇ ಬಂದು ನಿಂತಿತು.

"ಸಿಟ್ಟಿಲೆ ಹೋಗಿದ್ದೆ. ನಾನಾಗೇ ಹಿಂದಕ ಬಂದೀನಿ. ಯಾರೂ ನೂಕಿಲ್ಲ."

ಅವನು ಚೀಲ ಕೆಳಗಿಟ್ಟು ಕೈ ಹಿಂದೆ ಕಟ್ಟಿಕೊಂಡ. "ನೀವಿಲ್ಲದ ಭಾನುವಾರ ನನಗ ಬ್ಯಾಡ್ರಿ, ಮೌನಿಕಾ."

"ಮತ್ತ ಕೈ ಯಾಕ ಹಿಂದ ಕಟ್ಟೀರಿ?"

"ಗಾಡಿಗಿ ಹಚ್ಚಿದ್ರ ಬೈತೀರಲ್ಲ..."

ಅವಳು ತನ್ನ ಕೈ ಮುಂದೆ ಚಾಚಿದಳು. "ಗಾಡಿಗಿ ಅಷ್ಟ ಬ್ಯಾಡ ಅಂದಿದ್ದೆ."

ಹನುಮೇಶ್ ಎಣ್ಣೆ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ. ಮುಂದೆ ಚಾಚಿ, ಅರ್ಧಕ್ಕೇ ನಿಲ್ಲಿಸಿದ.

"ಹಿಡೀಲೇನ್ರಿ?"

"ಹೂಂ... ಹಿಡೀರಿ."