ವೆನಿಲ್ಲಾ ಡಬ್ಬಿ

ಗೋಡೆಯಾಚೆ ಕಟಕಟ ಸದ್ದು. ಮಲಗುವ ಮುನ್ನ ಪಿಹ್ಲಾ ಪ್ರೋಟೀನ್ ಪುಡಿ ಕಲಸಿಕೊಳ್ಳುತ್ತಿದ್ದಳು. ಮುಚ್ಚಿದ ಲೋಟದೊಳಗೆ ತಂತಿಯ ಚೆಂಡು ಕುಣಿಯುತ್ತಿತ್ತು. ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದ್ದ ಕೈಸುಗೆ ಆ ಸದ್ದು ಹಲ್ಲುನೋವಿನಂತೆ ಕಾಡುತ್ತಿತ್ತು.

ಲಹ್ತಿ ಊರಿನ ಜಿಮ್ಮಿಗೆ ಪಿಹ್ಲಾ ಬಂದಾಗ ಅವಳಿಗೆ ಭಾರ ಎತ್ತಲು ಕಲಿಸಿದವಳು ಕೈಸು. ಮನೆಯಲ್ಲೊಂದು ಕೋಣೆ ಬಿಟ್ಟುಕೊಟ್ಟವಳೂ ಅವಳೇ. ಕಳೆದ ವರ್ಷದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಅದೇ ಪಿಹ್ಲಾ ಅವಳಿಗಿಂತ ಒಂದು ಮೆಟ್ಟಿಲು ಮೇಲೆ ನಿಂತಿದ್ದಳು. ಈ ಸಲ ರಾಷ್ಟ್ರ ತಂಡದಲ್ಲಿ ಅವರ ವರ್ಗಕ್ಕೆ ಒಂದೇ ಜಾಗ. ಮೂವತ್ತೊಂಬತ್ತರ ಕೈಸುವಿನ ಮೊಣಕಾಲು ಇನ್ನೊಂದು ವರ್ಷ ಕಾಯುವಂತಿರಲಿಲ್ಲ.

ಬೀಳಿಸುವುದು, ಗಾಯ ಮಾಡುವುದು ದಡ್ಡರ ಕೆಲಸ. ಪಿಹ್ಲಾಳ ಸ್ನಾಯುಗಳನ್ನೇ ಉಪವಾಸ ಕೆಡವಬೇಕು. ದಾರಿ ಸುಲಭವಿತ್ತು. ಪುಡಿಯನ್ನು ದೊಡ್ಡ ಚೀಲದಲ್ಲಿ ತರಿಸಿ ಇಬ್ಬರ ಡಬ್ಬಿಗೂ ತುಂಬುವುದು ಮೊದಲಿನಿಂದಲೂ ಕೈಸುವಿನ ಕೆಲಸ. ಹೆಲ್ಸಿಂಕಿಗೆ ಹೋಗಿ, ದೂರದ ಓಟ ಓಡುವವರು ನೀರಿಗೆ ಬೆರೆಸಿ ಕುಡಿಯುವ ಪಿಷ್ಟದ ಪುಡಿ ತಂದಳು. ನೊರೆ ಬರಲೆಂದು ಒಂದಿಷ್ಟು ಕೆನೆರಹಿತ ಹಾಲಿನ ಪುಡಿ, ಪರಿಮಳಕ್ಕೆ ವೆನಿಲ್ಲಾ ಬೆರೆಸಿ, ಪಿಹ್ಲಾಳ ಡಬ್ಬಿಗೆ ಅದನ್ನೇ ತುಂಬಿದಳು. ಎರಡು ಪುಡಿಗಳ ಕ್ಯಾಲೊರಿಯೂ ಹೆಚ್ಚುಕಡಿಮೆ ಒಂದೇ. ತೂಕದ ಯಂತ್ರ ಚಾಡಿ ಹೇಳುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಪಿಹ್ಲಾ ಕಿಟಕಿಗೆ ಒರಗಿ ರಾಹ್ಕಾ ತಿನ್ನುತ್ತಿದ್ದಳು. ಆ ಗಟ್ಟಿ ಬಿಳಿ ಮೊಸರನ್ನು ಡಬ್ಬಿಯ ತಳದಿಂದ ಕೆರೆಯುತ್ತ ಹೇಳಿದಳು: "ಈ ಸಲದ ಪುಡಿ ಚೆನ್ನಾಗಿದೆ ಕಣೇ. ಗಂಟೇ ಕಟ್ಟಲ್ಲ."

"ಹಾಗಾ?" ಎಂದಳು ಕೈಸು.

ದೊಡ್ಡ ಚೀಲದಲ್ಲಿ ಉಳಿದ ಪಿಹ್ಲಾಳ ಪಾಲಿನ ಪ್ರೋಟೀನ್ ಪುಡಿಯನ್ನು ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ. ತಾನೇ ಕುಡಿದಳು. ತೂಕ ಏರದಿರಲೆಂದು ಆಲೂಗಡ್ಡೆ ಬಿಟ್ಟಳು, ಓಟ್ಸ್ ಗಂಜಿ ಬಿಟ್ಟಳು. ಮೈತೂಕದ ಪ್ರತಿ ಕಿಲೋಗೆ ನಾಲ್ಕು ಗ್ರಾಂ ಪ್ರೋಟೀನ್ ಎಂಬುದು ಅವಳ ನಿಯಮ. ಈಗ ಅದೂ ಮೀರಿತು.

"ಎರಡು ಗ್ರಾಂ ಧಾರಾಳ ಆಯ್ತಮ್ಮ," ಎಂದು ಕೋಚ್ ತೈಸ್ತೊ ಗೊಣಗುತ್ತಿದ್ದ. "ಮಿಕ್ಕಿದ್ದನ್ನ ಮೈ ಸುಟ್ಟು ಹೊರಗೆ ಹಾಕುತ್ತೆ. ಈ ಊರಲ್ಲೇ ದುಬಾರಿ ಉಚ್ಚೆ ಅಂದ್ರೆ ನಿಂದು."

"ನಿಮ್ಮ ಕಾಲಕ್ಕೆ ಅಷ್ಟು ಸಾಕಿತ್ತು ಬಿಡಿ."

ವಾರಗಳು ಕಳೆದವು. ಪಿಹ್ಲಾ ಭಾರ ಎತ್ತುವಾಗ ಹಾಡು ಗುನುಗತೊಡಗಿದಳು. ಅವಳ ಭುಜ ದುಂಡಗಾಗುತ್ತಿತ್ತು. ಅದು ಬರೀ ನೀರು, ಸ್ನಾಯುವಲ್ಲ ಎಂದು ಕೈಸು ತೀರ್ಮಾನಿಸಿದಳು. ತನಗೋ ನಿದ್ದೆ ಬರುತ್ತಿರಲಿಲ್ಲ, ಬೆರಳು ತಣ್ಣಗಿರುತ್ತಿದ್ದವು, ಯಾರು ಮಾತಾಡಿಸಿದರೂ ಸಿಡುಕು. ಸ್ಪರ್ಧೆಗೆ ಮುಂಚೆ ಎಲ್ಲರೂ ಹೀಗೆಯೇ. ಡಬ್ಬಿ ಖಾಲಿಯಾದಾಗಲೆಲ್ಲ ಅವಳು ಶ್ರದ್ಧೆಯಿಂದ ಮತ್ತೆ ತುಂಬಿದಳು.

ವೇದಿಕೆಯ ಬೆಳಕಿನಲ್ಲಿ ಪಿಹ್ಲಾಳ ಒಂದೊಂದು ಸ್ನಾಯುವೂ ಊದಿದಂತೆ ತುಂಬಿ ನಿಂತಿತ್ತು. ಕೈಸು ಅದೇ ಭಂಗಿಗಳಲ್ಲಿ ಉಸಿರು ಬಿಗಿಹಿಡಿದು ನಡುಗಿದಳು. ಪಿಹ್ಲಾ ಮೊದಲು. ಕೈಸುಗೆ ನಾಲ್ಕನೆಯ ಸ್ಥಾನ.

"ಮೈಯೆಲ್ಲ ಬತ್ತಿ ಹೋಗಿದೆಯಲ್ಲಮ್ಮ," ಎಂದ ತೈಸ್ತೊ, ಪರದೆಯ ಹಿಂದೆ. "ಆಲೂಗಡ್ಡೆ ಬಿಟ್ಟೆಯಾ? ಸ್ನಾಯು ತುಂಬಿ ಕಾಣೋದೇ ಪಿಷ್ಟದಿಂದ."

ಕೈಸು ಪಿಹ್ಲಾಳ ಕಡೆ ತಿರುಗಿದಳು. "ನೀನು ಏನೇ ಮಾಡಿದೆ?"

"ನಾನೇನು ಮಾಡ್ದೆ? ನೀನು ತುಂಬಿಸಿಕೊಟ್ಟಿದ್ದನ್ನ ಕುಡಿದೆ, ಅಷ್ಟೇ. ತಂಡದ ಶಿಬಿರಕ್ಕೂ ನೀನೇ ತುಂಬಿಸಿಕೊಡ್ಬೇಕು ಮಾರಾಯ್ತಿ. ರುಚಿ ಒಂಚೂರು ಬೇರೆ ಆದ್ರೂ ಅಂಗಡಿಯವನನ್ನ ಬಿಡಲ್ಲ, ಪುಡಿ ಪರೀಕ್ಷೆಗೆ ಕಳಿಸ್ತೀನಿ."

"ಆದ್ರೂ, ಪ್ರೋಟೀನ್..." ಎಂದಳು ಕೈಸು.

ಪಿಹ್ಲಾ ನಕ್ಕು, ಚೀಲದಿಂದ ಅರ್ಧ ಕಿಲೋ ರಾಹ್ಕಾ ತೆಗೆದು ಮುಚ್ಚಳ ಕಿತ್ತಳು. ಬೆಳಿಗ್ಗೆ ಒಂದು, ಸಂಜೆ ಒಂದು. ಎರಡು ವರ್ಷದಿಂದ ಒಂದೇ ಅಡುಗೆಮನೆಯಲ್ಲಿ ಕೈಸುವಿನ ಕಣ್ಣೆದುರೇ ಅವಳು ತಿಂದದ್ದು ಅದನ್ನೇ. ಈ ನಾಡಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ, ಮಕ್ಕಳಿಗೂ ತಿನ್ನಿಸುವ, ಪ್ರೋಟೀನ್ ತುಂಬಿದ ರಾಹ್ಕಾ. ಆ ಎರಡು ಡಬ್ಬಿ, ಊಟದ ಮೀನು, ಅಲ್ಲಿಗೆ ತೈಸ್ತೊ ಹೇಳುವ ಎರಡು ಗ್ರಾಂ ತುಂಬಿಹೋಗುತ್ತಿತ್ತು. ಪುಡಿ ಅವಳಿಗೆ ಬೇಕೇ ಇರಲಿಲ್ಲ, ಬೇಕಿದ್ದದ್ದು ಪಿಷ್ಟ. "ತಗೋ, ಒಂದು ಚಮಚ ತಿನ್ನೇ, ಮುಖ ಬಿಳಿಚಿದೆ," ಎಂದಳು ಪಿಹ್ಲಾ. ಕೈಸು ಬಾಯಿ ತೆರೆದು ನುಂಗಿದಳು. ಯಾರಿಗೂ ಹೇಳುವಂತಿಲ್ಲ, ಹೇಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದಳು. ರುಚಿ ಬದಲಾಗದಂತೆ, ಭಾನುವಾರ ಹೆಲ್ಸಿಂಕಿಗೆ ಹೋಗಿ ಅದೇ ಪಿಷ್ಟದ ಇನ್ನೊಂದು ಚೀಲ ತರಬೇಕಿತ್ತು.