ಹತ್ತಕ್ಕೆ ಎರಡು ಅಂಕದ ಕ್ಯಾಮೆರಾ

"ಹತ್ತಕ್ಕೆ ಎರಡು," ಎಂದು ಓದಿ ಸುಚಿತ್ರಾ ನೋಟ್‌ಬುಕ್ಕಿನಿಂದ ತಲೆಯೆತ್ತಿದಳು. "ಆ ಎರಡೂ ಕ್ಯಾಮೆರಾದ ಚೀಲಕ್ಕೆ ಸರ್. ಚೀಲದ ಜಿಪ್ ಚೆನ್ನಾಗಿದೆ."

ಏಳನೇ ಕ್ಲಾಸು ನಕ್ಕಿತು. ರವೀಶ್ ಸರ್ ನಗಲಿಲ್ಲ.

ಕ್ಯಾಮೆರಾ ಮೇಜಿನ ಮೇಲೆ ಕೂತಿತ್ತು. ಸೋಪಿನ ಡಬ್ಬಿಯಷ್ಟು ದೊಡ್ಡದು. ಬಟನ್ ಒತ್ತಿದರೆ ಮುಂದಿನಿಂದ ಹಂದಿಯ ಮೂತಿಯ ಹಾಗೆ ಲೆನ್ಸ್ ಹೊರಗೆ ಬರುತ್ತದೆ. ದೂರದ್ದನ್ನು ಮೂವತ್ತು ಪಟ್ಟು ಹತ್ತಿರ ತೋರಿಸುತ್ತದಂತೆ. ಶಾಲೆಯ ಹಳೆಯ ವಿದ್ಯಾರ್ಥಿ ರಾಜೇಂದ್ರ ಎಂಬವರು ತಾವು ಬಳಸಿ ಬಿಟ್ಟದ್ದನ್ನು ತಂದುಕೊಟ್ಟಿದ್ದರು. ಕೊಟ್ಟ ದಿನ ಹಾರ ಹಾಕಿಸಿಕೊಂಡು, ಅದೇ ಕ್ಯಾಮೆರಾದಲ್ಲಿ ತಮ್ಮ ಫೋಟೊ ತೆಗೆಸಿಕೊಂಡು ಹುಂಚದ ಬಸ್ಸು ಹತ್ತಿ ಹೋಗಿದ್ದರು.

ಭಾನುವಾರ ಸಾಗರದಿಂದ ಹಕ್ಕಿ ಎಣಿಸುವವರು ಊರಿನ ಕೆರೆಗೆ ಬರುವವರಿದ್ದರು. ಶಾಲೆಯ ಇಬ್ಬರು ಮಕ್ಕಳು ಇಡೀ ದಿನ ಅವರ ಜೊತೆ ಇರಬಹುದು. ಒಬ್ಬರು ಫೋಟೊ ತೆಗೆಯಲು, ಒಬ್ಬರು ಲೆಕ್ಕ ಬರೆಯಲು. ಸರ್ ಫೋಟೊಗೆ ಸುಚಿತ್ರಾಳನ್ನೂ ಲೆಕ್ಕಕ್ಕೆ ನಿಶ್ಚಲ್‌ನನ್ನೂ ಆರಿಸಿದ್ದರು.

"ಆದ್ರೆ ಮೊದ್ಲು ಪರೀಕ್ಷೆ ಕ್ಯಾಮೆರಾಕ್ಕೆ," ಎಂದಿದ್ದರು. "ಒಂದೊಂದು ವಾರ ಮನೆಗೆ ತಗೊಂಡು ಹೋಗಿ, ಬಳಸಿ, ಅಂಕ ಕೊಡಿ. ಕಾರಣ ಬರೀಬೇಕು. ಸುಮ್ನೆ ಹೊಗಳಬಾರ್ದು."

ಮೊದಲ ವಾರ ನಿಶ್ಚಲ್‌ನದು. ಅವನ ವರದಿ ಒಂದೂವರೆ ಸಾಲು: "ಸೂಪರ್. ಹತ್ತಕ್ಕೆ ಹತ್ತು. ಕಾರಣ: ಎಲ್ಲ ಕಾಣುತ್ತದೆ."

ಇದೂ ಒಂದು ವರದಿಯಾ ಎಂದು ಸುಚಿತ್ರಾ ಆಗಲೇ ಮೂಗು ಮುರಿದಿದ್ದಳು. ಅವಳದು ನಾಲ್ಕು ಪುಟ.

ವಾರವೆಲ್ಲ ಮಳೆ ಇದ್ದದ್ದರಿಂದ ಅವಳು ಕ್ಯಾಮೆರಾವನ್ನು ಚೀಲದಿಂದ ತೆಗೆದದ್ದು ನಿನ್ನೆ ಗುರುವಾರ ಮಾತ್ರ. ಆ ಒಂದು ದಿನವೇ ನಾಲ್ಕು ಪುಟಕ್ಕೆ ಸಾಕಾಗಿತ್ತು. ಪೂರ್ತಿ ಜೂಮ್ ಮಾಡಿದರೆ ಉಸಿರು ಬಿಟ್ಟರೂ ಹಕ್ಕಿ ಚಿತ್ರದಿಂದ ಆಚೆ ಹೋಗುತ್ತದೆ. ಫೋಕಸ್ ಆಗುವುದರೊಳಗೆ ಅದು ಊಟ ಮುಗಿಸಿ ಹಾರಿರುತ್ತದೆ. ಮೂವತ್ತರ ಆಚೆಗೂ ಜೂಮ್ ಇದೆ ಎನ್ನುವುದು ಬರೀ ಬಡಾಯಿ. ಇದ್ದ ಚಿತ್ರವನ್ನೇ ಎಳೆದು ದೊಡ್ಡದು ಮಾಡಿ, ಹಕ್ಕಿಯನ್ನು ರಂಗೋಲಿ ಚುಕ್ಕಿ ಮಾಡುತ್ತದೆ. ಲೆನ್ಸ್ ಮುಚ್ಚುವ ರೆಪ್ಪೆ ಎರಡಿದ್ದು, ಒಂದು ಅರ್ಧಕ್ಕೇ ನಿಲ್ಲುತ್ತದೆ. "ಅಂದ್ರೆ ಕ್ಯಾಮೆರಾ ಅರೆಗಣ್ಣು ಬಿಟ್ಕೊಂಡು ಮಲಗುತ್ತೆ," ಎಂದು ಓದುವಾಗ ಹಿಂದಿನ ಬೆಂಚು ಮತ್ತೆ ನಕ್ಕಿತು.

"ಐದನೇದು ಮುಖ್ಯ ಸರ್. ಎಲ್ಲ ಮಂಜು. ಬಿಸಿಲಲ್ಲೂ ಮಂಜು. ನೀರುಕಾಗೆ ತೆಗೆದ್ರೆ ನೀರೂ ಇಲ್ಲ, ಕಾಗೆನೂ ಇಲ್ಲ."

ನಿಶ್ಚಲ್ ಎದ್ದು ನಿಂತ. "ನಂಗೆ ಮಂಜು ಇರ್ಲಿಲ್ಲ ಸರ್."

ಅವನು ಮೇಜಿನ ಬಳಿ ಹೋಗಿ ಕ್ಯಾಮೆರಾ ಆನ್ ಮಾಡಿ, ತಾನು ತೆಗೆದ ಫೋಟೊ ತೋರಿಸಿದ. ಕೆರೆಯ ನಡುವಿನ ಕೊರಡಿನ ಮೇಲೆ ನೀರುಕಾಗೆ. ಅದರ ಹಸಿರು ಕಣ್ಣೂ ಕಾಣುತ್ತಿತ್ತು.

"ಹಾಗಾರೆ ಆಮೇಲೆ ಎಂತ ಮಾಡ್ದೆ ಅದಕ್ಕೆ?" ಎಂದಳು ಸುಚಿತ್ರಾ. "ನೆಕ್ಕಿದ್ಯಾ?"

"ನಾನೆಂತ ಮಾಡ್ಲಿಲ್ಲ."

"ಹತ್ತಕ್ಕೆ ಹತ್ತು ಯಾಕೆ ಕೊಟ್ಟಿದ್ದು ಅಂತ ಈಗ ಗೊತ್ತಾಯ್ತು. ಹಾಳು ಮಾಡಿದ್ದು ಯಾರಿಗೂ ತಿಳೀಬಾರ್ದು ಅಂತ."

ನಿಶ್ಚಲ್ ಲೆನ್ಸನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಆಮೇಲೆ ಮೂಗಿನ ಹತ್ತಿರ ಹಿಡಿದ. "ಎಂತದೋ ವಾಸನೆ ಬರ್ತಿದೆ. ನಮ್ಮನೇಲಿದ್ದಾಗ ಇದು ಇರ್ಲಿಲ್ಲ."

"ಕ್ಯಾಮೆರಾನ ಮೂಸೋದಲ್ಲ ಮಾರಾಯ, ನೋಡೋದು."

ಈ ಸಲ ನಗು ಪಕ್ಕದ ಕ್ಲಾಸಿನವರೆಗೆ ಕೇಳಿಸಿತು. ರವೀಶ್ ಸರ್ ಕ್ಯಾಮೆರಾ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಲೆನ್ಸಿನ ಮೇಲೆ ಪೊರೆ ಇದ್ದದ್ದು ನಿಜ.

"ನಿನ್ನ ಕೈಯಿಂದ ಸೀದಾ ಇವಳ ಕೈಗೆ ಹೋಗಿದ್ದು," ಎಂದರು ನಿಶ್ಚಲ್‌ಗೆ. "ಇವ್ಳು ನಿನ್ನೆವರೆಗೆ ಚೀಲದಿಂದ ತೆಗೆದೇ ಇಲ್ಲ. ಹಾಳಾಗಿದ್ದಕ್ಕಿಂತ ಮುಚ್ಚಿಟ್ಟಿದ್ದು ದೊಡ್ಡ ತಪ್ಪು ಕಣೋ. ಭಾನುವಾರ ಲೆಕ್ಕ ನಿನ್ನ ಬದ್ಲು ಪೂರ್ಣೇಶ್ ಬರೀಲಿ."

ನಿಶ್ಚಲ್ ತನ್ನ ಜಾಗಕ್ಕೆ ಹಿಂತಿರುಗಿದ. ಅವನ ಬೆಂಚಿನ ಮೇಲೆ ಉದ್ದನೆಯ ಪುಸ್ತಕ ತೆರೆದಿತ್ತು. ಸ್ಕೇಲಿಟ್ಟು ಗೆರೆ ಎಳೆದು, ಹಕ್ಕಿಗಳ ಹೆಸರನ್ನೆಲ್ಲ ಮೊದಲೇ ಬರೆದಿಟ್ಟುಕೊಂಡಿದ್ದ. ಅದನ್ನು ಮುಚ್ಚಿದ.

"ಸುಚಿತ್ರಾ, ನಾಳೆ ಮಧ್ಯಾಹ್ನದೊಳಗೆ ಒರೆಸಿ ನೋಡು. ಸರಿಯಾದ್ರೆ ಸರಿ. ಇಲ್ದಿದ್ರೆ ಭಾನುವಾರ ಕ್ಯಾಮೆರಾ ಇಲ್ಲ, ನೀನೂ ಇಲ್ಲ."

ಅರ್ಧ ದಾರಿಯವರೆಗೆ ಸುಚಿತ್ರಾ ಗೆದ್ದ ಖುಷಿಯಲ್ಲೇ ನಡೆದಳು. ಉಳಿದರ್ಧ ದಾರಿ, ಒರೆಸಿದರೆ ಹೋಗದಿದ್ದರೆ ಏನು ಮಾಡುವುದೆಂಬ ಯೋಚನೆಯಲ್ಲಿ.

ಮನೆ ಮುಟ್ಟಿದಾಗ ಪುಟ್ಟ ತಮ್ಮ ಅಂಗಳದಿಂದಲೇ ಕ್ಯಾಮೆರಾಕ್ಕೆ ಕೈ ಚಾಚಿ ಓಡಿ ಬಂದ. ವಾರದಿಂದ ಇದೇ ಕತೆ. ಅವಳು ದಿನವೂ ಮಾಡುವಂತೆ ಕ್ಯಾಮೆರಾವನ್ನು ಅಜ್ಜಿಯ ಕೈಗಿತ್ತಳು. ಅಜ್ಜಿ ಕೆರಿಯಮ್ಮ ಅದನ್ನು ಎಲ್ಲೋ ಇಡುತ್ತಿದ್ದಳು, ಬೆಳಿಗ್ಗೆ ತಂದು ಕೊಡುತ್ತಿದ್ದಳು. ಎಲ್ಲಿ ಎಂದು ಸುಚಿತ್ರಾ ಕೇಳಿರಲಿಲ್ಲ.

ಅಪ್ಪನ ಕನ್ನಡಕ ಒರೆಸುವ ಬಟ್ಟೆ ಹುಡುಕಿಕೊಂಡು ಅಡುಗೆಮನೆಗೆ ಬಂದರೆ, ಅಜ್ಜಿ ಮಣೆ ಹತ್ತಿ ನಿಂತಿದ್ದಳು. ಕ್ಯಾಮೆರಾದ ಚೀಲ ಗೂಟಕ್ಕೆ ನೇತಾಡುತ್ತಿತ್ತು. ಬರೀ ಕ್ಯಾಮೆರಾವನ್ನು ಅಜ್ಜಿ ಒಲೆಯ ಮೇಲಿನ ಅಟ್ಟಕ್ಕೆ ತಳ್ಳುತ್ತಿದ್ದಳು.

"ಅಜ್ಜಿ, ಎಂತ ಮಾಡ್ತಿದೀಯ?"

"ಕಾಣಲ್ವಾ? ಇಡ್ತಿದೀನಿ. ದಿನಾ ಇಡೋ ಜಾಗ."

"ದಿನಾನಾ?"

"ಮಳೆಗಾಲ ಅಲ್ವನೇ. ಬೂಸಲು ಹಿಡಿದ್ರೆ ನಿಮ್ಮ ಮೇಷ್ಟ್ರು ಸುಮ್ನಿರ್ತಾರಾ? ಚೀಲದೊಳಗಿದ್ರೆ ಕಾವು ತಾಗಲ್ಲ, ಅದಕ್ಕೇ ತೆಗೆದು ಇಡ್ತೀನಿ. ನಿಂಗೆ ಇದೆಲ್ಲ ಎಲ್ಲಿ ತಿಳೀಬೇಕು."

ಆ ಮನೆಯಲ್ಲಿ ತೇವ ತಾಗಬಾರದ್ದಕ್ಕೆಲ್ಲ ಒಂದೇ ಜಾಗ. ಸೌತೆ ಬೀಜ, ಹಲಸಿನ ಹಪ್ಪಳ, ರೇಷನ್ ಕಾರ್ಡು, ಜಮೀನಿನ ಪಹಣಿ, ಎಲ್ಲ ಆ ಅಟ್ಟದ ಮೇಲೆ. ರೇಷನ್ ಕಾರ್ಡಿನಲ್ಲಿದ್ದ ಅಜ್ಜಿಯ ಫೋಟೊ ಹೊಗೆ ಕುಡಿದು ಕುಡಿದು ಕಾಫಿ ಬಣ್ಣಕ್ಕೆ ತಿರುಗಿತ್ತು. ಈಗ ಕ್ಯಾಮೆರಾ ಕೂತ ಜಾಗದ ಪಕ್ಕದಲ್ಲೇ ಒಣಮೀನಿನ ಬುಟ್ಟಿ ಇತ್ತು. ಕೆಳಗಿನಿಂದ ಒಲೆಯ ಹೊಗೆ ಸೀದಾ ಮೇಲಕ್ಕೆ ಏರುತ್ತಿತ್ತು, ಅರೆಗಣ್ಣು ಬಿಟ್ಟುಕೊಂಡು ಮಲಗುವ ಕ್ಯಾಮೆರಾದ ಕಣ್ಣಿಗೆ.

ಸುಚಿತ್ರಾ ಅದನ್ನು ಇಳಿಸಿ ಮೂಸಿದಳು. ಏನೂ ಇಲ್ಲ. ಅವಳ ಮೂಗಿಗೆ ಅದು ವಾಸನೆಯೇ ಅಲ್ಲ, ಮನೆ. ಹಿತ್ತಿಲಿಗೆ ಹೋಗಿ, ಬೀಸುವ ಗಾಳಿಗೆ ಮುಖ ಒಡ್ಡಿ ಸ್ವಲ್ಪ ಹೊತ್ತು ನಿಂತು ಮತ್ತೆ ಮೂಸಿದಳು. ಹೊಗೆ. ಅದರ ಹಿಂದೆ ಒಣಮೀನು.

ನಿಶ್ಚಲ್‌ನ ಮನೆಯಲ್ಲಿ ಮೊಟ್ಟೆಯನ್ನೂ ತರುವುದಿಲ್ಲ. ಅವರು ಜೈನರು, ಕತ್ತಲಾಗುವ ಮೊದಲೇ ಊಟ ಮುಗಿಸಿ ಒಲೆ ತೊಳೆದಿಡುತ್ತಾರೆ. ಒಣಮೀನಿನ ವಾಸನೆ ಹೇಗಿರುತ್ತದೆ ಎಂದೇ ಅವನಿಗೆ ಗೊತ್ತಿಲ್ಲ. ಸುಚಿತ್ರಾ ತಾನಾಗಿ ಹೇಳದಿದ್ದರೆ ಅವನಿಗೆ ಎಂದೂ ಗೊತ್ತಾಗುವುದಿಲ್ಲ. ಸರ್‌ಗೂ ಗೊತ್ತಾಗುವುದಿಲ್ಲ.

"ಬೂಸಲು ಹಿಡಿಲಿಲ್ಲ ಅಲ್ವಾ?" ಅಜ್ಜಿ ಬಾಗಿಲಿಗೆ ಬಂದು ಕೇಳಿದಳು.

"ಹಿಡಿಲಿಲ್ಲ," ಎಂದಳು ಸುಚಿತ್ರಾ.

ಪೊರೆ ಸುಲಭಕ್ಕೆ ಹೋಗಲಿಲ್ಲ. ಉಸಿರು ಊದಿ, ಒರೆಸಿ, ಮತ್ತೆ ಊದಿ ಒರೆಸಬೇಕಾಯಿತು. ಅಪ್ಪನ ಕನ್ನಡಕದ ಬಟ್ಟೆ ಕಂದು ಬಣ್ಣವಾಯಿತು.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವಳು ಒಬ್ಬಳೇ ಕೆರೆಗೆ ಹೋದಳು. ತೂಬಿನ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು, ಕೈ ಅಲ್ಲಾಡದಂತೆ ಪೂರ್ತಿ ಜೂಮ್ ಮಾಡಿದಳು. ಕೊರಡಿನ ಮೇಲೆ ನೀರುಕಾಗೆ. ಹಸಿರು ಕಣ್ಣು. ರೆಪ್ಪೆ ಬಡಿದದ್ದೂ ಕಾಣಿಸಿತು.

ಇಷ್ಟೇ ಸಾಕಿತ್ತು. ಇದನ್ನು ಸರ್‌ಗೆ ತೋರಿಸಿದರೆ ನಾಳೆ ಅವಳ ಜಾಗ ಗಟ್ಟಿ.

ಹಾಗೇ ಲೆನ್ಸನ್ನು ಆಚೆ ದಡಕ್ಕೆ ತಿರುಗಿಸಿದಳು. ನೇರಳೆ ಮರದ ಬುಡದಲ್ಲಿ ಯಾರೋ ಕೂತಿದ್ದರು. ಫೋಕಸ್ ಎರಡು ಸಲ ತಡವರಿಸಿ ನಿಂತಿತು. ನಿಶ್ಚಲ್. ಮಡಿಲಲ್ಲಿ ಉದ್ದನೆಯ ಪುಸ್ತಕ. ಬೆರಳು ಮಡಚುತ್ತಿದ್ದ, ತುಟಿ ಅಲ್ಲಾಡಿಸುತ್ತಿದ್ದ, ಬರೆಯುತ್ತಿದ್ದ. ಬರೆಯಲು ಅವನಿಗೆ ಯಾರೂ ಹೇಳಿರಲಿಲ್ಲ.

ಅವನು ತಲೆಯೆತ್ತಿ ಈ ಕಡೆ ನೋಡಿದ. ತನ್ನನ್ನೇ ನೋಡಿದ ಎನಿಸಿ ಸುಚಿತ್ರಾ ಬೆಚ್ಚಿ ಕಣ್ಣು ತೆಗೆದಳು. ಕ್ಯಾಮೆರಾ ಇಲ್ಲದೆ ನೋಡಿದರೆ ಆಚೆ ದಡದಲ್ಲಿ ಒಂದು ಚುಕ್ಕಿ ಇತ್ತು, ಅಷ್ಟೇ. ಅವನಿಗೆ ಅವಳೂ ಅಷ್ಟೇ ಇರಬೇಕು.

ಏರಿಯ ಮೇಲೆ ಸುತ್ತಿ ಹೋಗಲು ಕಾಲು ಗಂಟೆ ಹಿಡಿಯಿತು. ಎರಡು ಕಡೆ ಕೆಸರಿನಲ್ಲಿ ಜಾರಿದಳು.

"ಎಷ್ಟಾಯ್ತು?" ಎಂದಳು.

"ನೀರುಕಾಗೆ ಹದಿನೇಳಿತ್ತು," ಎಂದ ನಿಶ್ಚಲ್, ಪುಸ್ತಕದಿಂದ ಕಣ್ಣೆತ್ತದೆ. "ಆನೆ ಥರ ನಡೆದು ಬಂದು ಎರಡನ್ನ ಓಡಿಸ್ದೆ."

ಅವಳು ಕ್ಯಾಮೆರಾ ಚಾಚಿದಳು. ಅವನು ಅನುಮಾನದಿಂದಲೇ ತೆಗೆದುಕೊಂಡ. ಆನ್ ಮಾಡಿ ಕೊರಡಿನ ಕಡೆ ಹಿಡಿದ. ತುಂಬ ಹೊತ್ತು ನೋಡಿದ.

"ಸರಿಯಾಗಿದೆಯಲ್ಲ," ಎಂದು ಅದನ್ನು ಮೂಗಿನ ಹತ್ತಿರ ತಂದ. "ಆದ್ರೆ ವಾಸನೆ ಹೋಗಿಲ್ಲ. ಎಂತದಿದು?"

ಸುಚಿತ್ರಾ ನೀರಿನ ಕಡೆ ನೋಡಿದಳು.

"ಒಣಮೀನು," ಎಂದಳು. "ನಮ್ಮನೆ ಅಟ್ಟದ್ದು. ತೇವ ಹಿಡೀಬಾರ್ದು ಅಂತ ಅಜ್ಜಿ ದಿನಾ ಒಲೆ ಮೇಲೆ ಇಟ್ಟಿದ್ಲು."

ನಿಶ್ಚಲ್ ಕ್ಯಾಮೆರಾವನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದ. ಹಿಡಿದೇ ಇದ್ದ, ಕೆಳಗಿಡಲಿಲ್ಲ. "ಸರ್‌ಗೆ ಹೇಳ್ತೀಯಾ?"

ಅವಳು ಚೀಲದಿಂದ ನೋಟ್‌ಬುಕ್ ತೆಗೆದು ನಾಲ್ಕನೇ ಪುಟ ಬಿಡಿಸಿದಳು. ಐದನೆಯ ದೂರನ್ನು ಹೊಡೆದು ಹಾಕಿ, ಕೆಳಗೆ ಬರೆದಳು: "ಮಂಜು ಕ್ಯಾಮೆರಾದ್ದಲ್ಲ, ನಮ್ಮ ಮನೆಯ ಹೊಗೆ. ನಿಶ್ಚಲ್ ಕೊಟ್ಟಾಗ ಸರಿ ಇತ್ತು." ಎರಡು ಎಂದಿದ್ದ ಅಂಕವನ್ನು ಏಳು ಮಾಡಿದಳು.

"ಏಳೇ?" ಎಂದ ನಿಶ್ಚಲ್.

"ಉಸಿರು ಬಿಟ್ರೆ ಹಕ್ಕಿ ಆಚೆ ಹೋಗೋದು ಸುಳ್ಳಾ? ಫೋಕಸ್ ತಡ ಆಗೋದು ಸುಳ್ಳಾ? ಹತ್ತು ಕೊಡೋಕೆ ನಾನೇನು ನೀನಾ?"

ಅವನು ಬಗ್ಗಿ ಓದಿದ. "ಅಜ್ಜಿ ಅಂತ ಬರೀಲಿಲ್ಲ."

"ಅಜ್ಜಿ ಅಂಕ ಕೊಡ್ಲಿಲ್ಲ," ಎಂದಳು ಸುಚಿತ್ರಾ. "ಕೊಟ್ಟಿದ್ದು ನಾನು."

ನೋಟ್‌ಬುಕ್ ಚೀಲಕ್ಕೆ ಹಾಕಿ ಎದ್ದಳು. ಸರ್ ಮನೆ ಕೆರೆಯ ಮೇಲಿನ ರಸ್ತೆಯಲ್ಲೇ ಇತ್ತು. ನಾಲ್ಕು ಹೆಜ್ಜೆ ಹೋದವಳು ನಿಂತಳು. ಆಮೇಲೆ ಹಕ್ಕಿಗಳು ಏಳದ ಹಾಗೆ, ಕಾಲು ಮೆಲ್ಲನೆ ಎತ್ತಿಡುತ್ತಾ ಆ ಕಡೆಗೆ ನಡೆದಳು. ಕ್ಯಾಮೆರಾವನ್ನು ನಿಶ್ಚಲ್‌ನ ಕೈಯಲ್ಲೇ ಬಿಟ್ಟಿದ್ದಳು.