ಸ್ಟೀರಿಂಗಿಗೆ ಕಟ್ಟಿದ ಹಗ್ಗ

"ಎರಡು ತಿಂಗಳಲ್ಲಿ ಎರಡು ಸ್ಟೀರಿಂಗ್ ಪಂಪ್ ಹಾಳಾಯ್ತು, ಕುಚೆರಾ ಅವರೇ! ಒಳ್ಳೆ ಮಾಲು ಹಾಕಿದ್ದೀರೋ, ಇಲ್ಲ ಹೆಂಗಸು, ಇವಳಿಗೇನು ಗೊತ್ತಾಗುತ್ತೆ ಅಂತ ಯಾವುದೋ ಗುಜರಿ ತಗುಲಿಸಿದ್ದೀರೋ?"

ಟ್ವೈಲಾ ಸೊರೆನ್ಸನ್ ಬಾಗಿಲು ತಳ್ಳಿಕೊಂಡು ಬಂದ ರಭಸಕ್ಕೆ ಗ್ಯಾರೇಜಿನ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು.

ಎಮೆಟ್ ಕುಚೆರಾ ಕೈಗೆ ಮೆತ್ತಿದ್ದ ಗ್ರೀಸನ್ನು ನಿಧಾನವಾಗಿ ಒರೆಸಿಕೊಂಡ.

"ಕುಚೆರಾ ಅವರೇ ಅಂತೆ! ಸ್ಕೂಲ್ ಬಸ್ಸಿನ ಕಿಟಕಿಯಿಂದ ನನ್ನ ಟೋಪಿ ಎಸೆದವಳು ಈಗ ಬಹುವಚನ ಕಲಿತಿದ್ದೀಯ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳೇನೋ. ಇವತ್ತು ನಗುವ ತ್ರಾಣ ಇರಲಿಲ್ಲ. ನೆಬ್ರಾಸ್ಕಾದ ಮರಳುಗುಡ್ಡಗಳಲ್ಲಿ ಜನವರಿ ಎಂದರೆ ಹುಡುಗಾಟವಲ್ಲ. ಇನ್ನೂರು ಹಸುಗಳು ಹಿಮದಲ್ಲಿ ನಿಂತು ಹುಲ್ಲಿಗಾಗಿ ಕಾಯುತ್ತವೆ, ಹುಲ್ಲು ಹೊರುವುದಕ್ಕೆ ಇರುವುದು ಅಪ್ಪನ ಕಾಲದ ಈ ಡೀಸೆಲ್ ಪಿಕಪ್ ಒಂದೇ!

ಎಮೆಟ್ ಬಾನೆಟ್ ಎತ್ತಿದ. ಬೆಲ್ಟ್ ಬಿಗಿಯಾಗಿತ್ತು. ಪೈಪುಗಳಲ್ಲಿ ಎಲ್ಲೂ ಸೋರಿಕೆಯಿಲ್ಲ. ಪಂಪಿನ ಎಣ್ಣೆಯಲ್ಲಿ ಬೆರಳದ್ದಿ ಮೂಸಿದವನ ಹುಬ್ಬು ಗಂಟಿಕ್ಕಿತು. ಎಣ್ಣೆ ಕಪ್ಪಾಗಿತ್ತು, ಸೀದ ವಾಸನೆ ಹೊಡೆಯುತ್ತಿತ್ತು. ಆಮೇಲೆ ಬಗ್ಗಿ, ಮುಂದಿನ ಟೈರುಗಳ ಒಂದೇ ಬದಿಗೆ ಸವೆದಿದ್ದ ಅಂಚನ್ನು ಸವರಿ ನೋಡಿದ.

"ಯಾರು ಓಡಿಸ್ತಾರೆ ಇದನ್ನ?"

ಅವಳು ಬಗ್ಗಿ, ಬಿದ್ದಿದ್ದ ಕ್ಯಾಲೆಂಡರನ್ನು ಎತ್ತಿ ಮತ್ತೆ ಮೊಳೆಗೆ ಸಿಕ್ಕಿಸಿದಳು.

"ಹಾರ್ಲನ್. ನಮ್ಮ ಆಳು. ಇನ್ಯಾರು?"

"ಹಾಗಾದ್ರೆ ಆ ಹಾರ್ಲನ್‌ಗೆ ಹೇಳು. ಸ್ಟೀರಿಂಗನ್ನ ಎಡಕ್ಕೆ ಪೂರ್ತಿ ತಿರುಗಿಸಿ, ಅಲ್ಲೇ ಗಂಟೆಗಟ್ಟಲೆ ಒತ್ತಿ ಹಿಡೀತಾನೆ ಅವನು. ಹಾಗೆ ಹಿಡಿದರೆ ಒಳಗೆ ಎಣ್ಣೆ ಕುದಿಯುತ್ತೆ. ಯಾವ ಪಂಪೂ ತಡೆಯಲ್ಲ. ಈ ಗಾಡೀಲಿ ಬ್ರೇಕಿಗೆ ಬಲ ಕೊಡೋದೂ ಅದೇ ಪಂಪು. ಇವತ್ತು ಸ್ಟೀರಿಂಗ್ ಬಿಗಿಯಾಯ್ತು, ನಾಳೆ ಬ್ರೇಕೂ ಕಲ್ಲಾಗುತ್ತೆ. ಎಂಥ ಬೇಜವಾಬ್ದಾರಿ ಮನುಷ್ಯ ಅವನು!"

"ಬೇರೆಯವರ ಮೇಲೆ ಹಾಕಿ ನೀನು ಜಾರಿಕೋಬೇಡ!"

ಅಂದುಬಿಟ್ಟಳು. ಅಂದ ಮರುಕ್ಷಣವೇ ಕಣ್ಣು ತುಂಬಿತು. ಯಾಕೆಂದರೆ ಅವನು ಹೇಳಿದ್ದು ಅಕ್ಷರಶಃ ನಿಜ ಎಂದು ಅವಳಿಗೆ ಆಗಲೇ ಹೊಳೆದಿತ್ತು.

ಹಾರ್ಲನ್ ಅಕ್ಟೋಬರಿನಲ್ಲೇ ಕೆಲಸ ಬಿಟ್ಟು ಟೆಕ್ಸಸ್ಸಿನ ಮಗಳ ಮನೆಗೆ ಹೋಗಿದ್ದ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಫಾರಂ ಅವಳಿಗೂ ಅಣ್ಣ ಗಾರ್ಡನ್‌ಗೂ ಅರ್ಧರ್ಧ. ಪಕ್ಕದ ಕೌಂಟಿಯಲ್ಲಿದ್ದ ಅಣ್ಣ ಖಡಾಖಂಡಿತವಾಗಿ ಹೇಳಿದ್ದ: "ಗಂಡಾಳು ಇರೋವರೆಗೆ ನಡೆಸು. ನೀನು ಒಬ್ಬಳೇ ಅಂತ ನನಗೆ ಗೊತ್ತಾದ ದಿನ ದನ ಹರಾಜಿಗೆ, ಜಮೀನು ಮಾರಾಟಕ್ಕೆ." ಈ ಊರಿನಲ್ಲಿ ಗ್ಯಾರೇಜಿನಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದೊಳಗೆ ಚರ್ಚಿನ ಮೆಟ್ಟಿಲು ಹತ್ತಿರುತ್ತದೆ!

ಎಮೆಟ್ ಮೂರನೇ ಪಂಪ್ ಕೂರಿಸಿದ. ಬೀಗದ ಕೈ ಕೊಡುವಾಗ ಅವಳ ಮುಖ ನೋಡಲಿಲ್ಲ.

"ಒಂದು ಕೇಳ್ಲಾ ಟ್ವೈಲಾ? ಆ ಹಾರ್ಲನ್... ನಿನ್ನ ಚೆನ್ನಾಗಿ ನೋಡ್ಕೋತಾನಾ?"

"ಅದು ನಿನಗ್ಯಾಕೆ?"

"ಏನಿಲ್ಲ. ಹೋಗ್ಬಾ."

ದಾರಿಯುದ್ದಕ್ಕೂ ಅವಳು ಅತ್ತಳು. 'ಯಾಕಾದರೂ ಹಾಗೆ ಕೇಳಿದ? ಕೇಳಿ ಯಾಕೆ ಮುಖ ತಿರುಗಿಸಿದ?' ಎರಡು ವರ್ಷದ ಹಿಂದೆ ಅವನ ತಾಯಿ ತೀರಿಕೊಂಡಾಗ ಅವಳು ಹೋಗಿ, ಬಂದವರ ತಟ್ಟೆಗಳನ್ನೆಲ್ಲ ಒಬ್ಬಳೇ ತೊಳೆದಿಟ್ಟಿದ್ದಳು. ಅವನು ಪಕ್ಕದಲ್ಲಿ ನಿಂತು ಒರೆಸಿಟ್ಟಿದ್ದ. ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಆದರೂ ಅವತ್ತಿನಿಂದ ಪಿಕಪ್ಪಿಗೆ ಸಣ್ಣ ಸದ್ದು ಬಂದರೂ ಅವಳಿಗೆ ಗ್ಯಾರೇಜಿಗೆ ಹೋಗಲು ನೆವ ಸಿಕ್ಕಿದಂತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಬಿಸಿಲಿತ್ತು. ಆದರೆ ಆ ಬಿಸಿಲಿಗೆ ಮೂಗಿನ ತುದಿ ಕೂಡ ಬೆಚ್ಚಗಾಗುವಂತಿರಲಿಲ್ಲ.

ಟ್ವೈಲಾ ಹುಲ್ಲಿನ ಕಟ್ಟುಗಳನ್ನು ಪಿಕಪ್ಪಿಗೆ ಏರಿಸಿ ಗುಡ್ಡಗಳ ನಡುವಿನ ಸಮತಟ್ಟಿಗೆ ಬಂದಳು. ಅಪ್ಪ ಇದ್ದಾಗ ಅವನು ಓಡಿಸುತ್ತಿದ್ದ, ಅವಳು ಹಿಂದೆ ನಿಂತು ಹುಲ್ಲು ಚೆಲ್ಲುತ್ತಿದ್ದಳು. ಕ್ಯಾಬಿನ್ನಿನ ತಲೆಯ ಮೇಲೆ ಎರಡು ಸಲ ಬಡಿದರೆ 'ಹೋಗು', ಒಂದು ಸಲ ಬಡಿದರೆ 'ನಿಲ್ಲು'. ಈಗ ಬಡಿಯುವುದು ಯಾರಿಗೆ? ಫಸ್ಟ್ ಗೇರಿಗೆ ಹಾಕಿ ಬಿಟ್ಟರೆ ಗಾಡಿ ತಾನೇ ತೆವಳುತ್ತದೆ. ನೇರ ಬಿಟ್ಟರೆ ಹೆಪ್ಪುಗಟ್ಟಿದ ಕೆರೆಗೆ ಹೋಗುತ್ತದೆ. ಅದಕ್ಕೇ ಸ್ಟೀರಿಂಗನ್ನು ಎಡಕ್ಕೆ ಕೊನೆಯವರೆಗೂ ತಿರುಗಿಸಿ, ಹುಲ್ಲು ಕಟ್ಟುವ ಹಗ್ಗದಲ್ಲಿ ಬಿಗಿದು, ಇಳಿದು ಹಿಂದೆ ಹತ್ತುತ್ತಿದ್ದಳು. ಅವಳು ಹುಲ್ಲು ಚೆಲ್ಲಿ ಮುಗಿಸುವವರೆಗೂ ಅದು ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಇವತ್ತೂ ಪಂಪು ಆಗಲೇ ನರಳಲು ಶುರುಮಾಡಿತ್ತು.

'ನೀನಾದರೂ ಈ ಚಳಿಗಾಲ ಮುಗಿಯೋವರೆಗೆ ತಾಳ್ಕೋ...'

ಹುಲ್ಲು ಚೆಲ್ಲುತ್ತಾ ತಲೆಯೆತ್ತಿದವಳು ಹಾಗೇ ನಿಂತುಬಿಟ್ಟಳು. ಗೇಟಿನ ಬಳಿ ಎಮೆಟ್!

ನೋಡಿಬಿಟ್ಟನಾ? ಖಾಲಿ ಸೀಟು ಕಾಣಿಸಿಬಿಟ್ಟಿತಾ?

ಹೇಗಾದರೂ ಅವನ ಕಣ್ಣು ತಪ್ಪಿಸಿ ಸೀಟಿಗೆ ಸೇರಿಕೊಳ್ಳಬೇಕೆಂದು ಅವಳು ಕೆಳಗೆ ಹಾರಿದಳು. ಬಾಗಿಲ ಹಿಡಿಗೆ ಕೈ ತಾಕಿತು... ಬೂಟು ಜಾರಿತು. ಮಂಜುಗಡ್ಡೆಯ ಮೇಲೆ ಅವಳು ಅಂಗಾತ ಬಿದ್ದಳು. ಹಿಂದಿನ ಚಕ್ರ ಅವಳ ಬೂಟಿನಿಂದ ಒಂದು ಗೇಣು ದೂರದಲ್ಲಿ ಹಿಮವನ್ನು ಅರೆಯುತ್ತಾ ಸಾಗಿತು.

"ಟ್ವೈಲಾ!"

ಎಮೆಟ್ ಓಡಿ ಬಂದು, ತೆವಳುತ್ತಿದ್ದ ಗಾಡಿಗೆ ನೇತುಬಿದ್ದು ಹತ್ತಿ, ಬ್ರೇಕ್ ತುಳಿದು ಎಂಜಿನ್ ಆರಿಸಿದ. ಆಮೇಲೆ ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಅವಳೇ ಎದ್ದು ಹೋಗಿ ನೋಡಿದಾಗ, ಸ್ಟೀರಿಂಗಿಗೆ ಕಟ್ಟಿದ್ದ ಹಗ್ಗವನ್ನು ಹಿಡಿದುಕೊಂಡು ಕೂತಿದ್ದ.

"ಹಾರ್ಲನ್‌ಗೆ ನಾಲ್ಕು ಮಾತು ಬೈದು ಹೋಗೋಣ ಅಂತ ಬಂದೆ. ಹಾರ್ಲನ್ ಎಲ್ಲಿ ಟ್ವೈಲಾ?"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ಹಿಮದಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು. ಅಣ್ಣನ ಮಾತು, ಅಕ್ಟೋಬರ್, ಹಗ್ಗ.

"ಮೂರು ತಿಂಗಳು! ದಿನಾ ಹೀಗೇ ಹಾರಿ ಇಳಿದು ಓಡ್ತಿದ್ದೀಯಾ? ಜಾರಿ ಬಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ನನಗೊಂದು ಮಾತು ಹೇಳೋಕಾಗ್ಲಿಲ್ವಾ?"

"ನಿನಗೆ ಹೇಳಿದ್ರೆ ನೀನು ಪಾಪ ಅಂತ ಬರ್ತಿದ್ದೆ. ನನಗೆ ನೀನು ಪಾಪ ಅಂತ ಬರೋದು ಬೇಕಿರಲಿಲ್ಲ!"

ಬಾಯಿ ತಪ್ಪಿ ಬಂದ ಮಾತು.

"ನಾನು ಬೇರೆ ಏನೋ ಅಂದ್ಕೊಂಡಿದ್ದೆ," ಎಮೆಟ್ ತಲೆ ತಗ್ಗಿಸಿ ಅಂದ. "ಆ ಹಾರ್ಲನ್ ಮುಖಾನೂ ನಾನು ನೋಡಿಲ್ಲ. ಅವನು ಇಲ್ಲೇ ಇರ್ತಾನಂತೆ, ಇವಳಿಗೆ ಜೊತೆ ಸಿಕ್ಕಿದೆ, ಇನ್ನು ನಾನ್ಯಾಕೆ ಮಧ್ಯೆ ಅಂತ..."

"ಹಾರ್ಲನ್ನಾ?" ಅಳುತ್ತಲೇ ಅವಳಿಗೆ ನಗು ಬಂತು. "ಅವನಿಗೆ ಅರವತ್ತೆಂಟು ವರ್ಷ ಮಾರಾಯಾ! ಬಾಯಲ್ಲಿ ನಾಲ್ಕು ಹಲ್ಲು!"

ಅವನು ನಗಲಿಲ್ಲ. ಜೇಬಿನಿಂದ ಚಾಕು ತೆಗೆದು ಹಗ್ಗವನ್ನು ಕತ್ತರಿಸಿದ. ಸ್ಟೀರಿಂಗ್ ನಿಧಾನವಾಗಿ ಸಡಿಲವಾಯಿತು.

"ಪಾಪ ಅಂತ ಅಲ್ಲ ಟ್ವೈಲಾ. ನಮ್ಮಮ್ಮ ಹೋದ ದಿನ ನೀನು ತಟ್ಟೆ ತೊಳೆದು ಕೊಡ್ತಿದ್ದೆಯಲ್ಲ, ಅವತ್ತೇ ಅನ್ನಿಸ್ತು... ಇವಳ ಪಕ್ಕ ಹೀಗೇ ನಿಂತಿರಬೇಕು, ಸಾಯೋವರೆಗೂ ಅಂತ. ಹೇಳೋಕೆ ಬಾಯಿ ಬರಲಿಲ್ಲ. ಈಗ ಹೇಳ್ತಿದ್ದೀನಿ. ನಿನ್ನ ಪ್ರೀತಿಸ್ತೀನಿ."

ಅವಳು ಕೈಗವಸು ಕಳಚಿ, ಸ್ಟೀರಿಂಗಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು.

ಹಸುಗಳು ಕೂಗಿದವು. ಅರ್ಧ ಹುಲ್ಲು ಇನ್ನೂ ಬಾಕಿಯಿತ್ತು.

"ಇವತ್ತು ಸಂಜೆ ಗಾರ್ಡನ್‌ಗೆ ನಾನೇ ಫೋನ್ ಮಾಡಿ ನಿಜ ಹೇಳ್ತೀನಿ," ಕಣ್ಣೊರೆಸಿಕೊಂಡು ಅಂದಳು. "ಹಾಗಾದ್ರೆ ಪಿಕಪ್ ಓಡಿಸೋರು ಯಾರು ಅಂತ ಕೇಳ್ತಾನೆ."

"ನನ್ನ ಹೆಸರು ಹೇಳು."

"ಒಂದು ದಿನದ ಮಟ್ಟಿಗೆ ಹೇಳೋ ಹೆಸರಲ್ಲ ಅದು, ಎಮೆಟ್."

"ಗೊತ್ತು. ಅದಕ್ಕೇ ಹೇಳು ಅಂದೆ."

ಅವಳು ಹಿಂದೆ ಹತ್ತಿದಳು. ಕ್ಯಾಬಿನ್ನಿನ ತಲೆಯ ಮೇಲೆ ಎರಡು ಸಲ ಬಡಿದಳು. ಗಾಡಿ ಹೊರಟಿತು. ಎಮೆಟ್ ಕೆರೆಯ ಅಂಚಿನವರೆಗೂ ಹೋಗಿ ಅಗಲವಾಗಿ ತಿರುಗಿಸಿದ. ಪಂಪು ಈಗ ನರಳಲಿಲ್ಲ. ಹಸುಗಳು ಸಾಲಾಗಿ ಹಿಂದೆ ಬಂದವು.

ಸ್ವಲ್ಪ ದೂರ ಹೋದ ಮೇಲೆ ಅವಳು ಒಂದು ಸಲ ಬಡಿದಳು.

ಗಾಡಿ ತಕ್ಷಣ ನಿಂತಿತು. ಎಮೆಟ್ ಗಾಬರಿಯಿಂದ ಕಿಟಕಿಯಾಚೆ ತಲೆ ಹಾಕಿದ.

"ಏನಾಯ್ತು?"

"ಏನಿಲ್ಲ... ನಿಜವಾಗ್ಲೂ ಇದ್ದೀಯಾ ಅಂತ ನೋಡಿದೆ."

"ಇದ್ದೀನಿ ಕಣೆ," ಅಂದ ಅವನು. "ಬಡಿ, ಹೋಗೋಣ."